ಹಲಗೆ ಉಚ್ಚೆಂಗೆಪ್ಪನೂ ಕುರುಗೋಡಿನ ಚರಿತ್ರೆಯೂ

ಕುರುಗೋಡಿನ ಗುಡ್ಡದ ಬಂಡೆಗಳ ಮೇಲೆ ಇನ್ನೂ ಬಿಸಿಲು ಬಿದ್ದಿಲ್ಲ. ಕೇರಿಯ ಅಂಚಿನ ಗುಡಿಸಲ ಮುಂದೆ ಉಚ್ಚೆಂಗೆಪ್ಪ ಕುಕ್ಕರಗಾಲಲ್ಲಿ ಕೂತು, ಒಂದು ಹಿಡಿ ಜೋಳದ ಸೊಪ್ಪೆಗೆ ಬೆಂಕಿ ಹಚ್ಚಿ, ಅದರ ಮೇಲೆ ತನ್ನ ಹಲಗೆಯನ್ನು ಹಪ್ಪಳ ಸುಟ್ಟ ಹಾಗೆ ಆಚೆ ಈಚೆ ಆಡಿಸುತ್ತಿದ್ದಾನೆ. ರಾತ್ರಿಯ ತಂಪಿಗೆ ಸಡಿಲಾದ ಚರ್ಮ ಕಾವು ತಾಗಿ ಬಿಗಿಯಾಗಬೇಕು. ಬೆರಳ ತುದಿಯಿಂದ ಒಮ್ಮೆ ಬಡಿದು ಕಿವಿಗೊಡುತ್ತಾನೆ. ಊಹೂಂ, ಇನ್ನೂ ಸ್ವಲ್ಪ ಕಾಯಬೇಕು. ಮತ್ತೊಂದು ಹಿಡಿ ಸೊಪ್ಪೆ ಹಾಕುವಷ್ಟರಲ್ಲಿ ಒಳಗಿನಿಂದ ಹೆಂಡತಿ ದುರುಗಮ್ಮನ ದನಿ ಹಲಗೆಗಿಂತ ಬಿಗಿಯಾಗಿ ಬರುತ್ತದೆ.

"ಒಲಿಗೆ ಇಟ್ಟಿದ್ದೆಲ್ಲಾ ನಿನ್ನ ಹಲಗೀಗೇ ಹಾಕಿಬಿಡು. ಮಧ್ಯಾಹ್ನ ಅದನ್ನಾ ಮುರಕೊಂಡು ತಿನ್ನು."

"ಇವತ್ತು ದೊಡ್ಡ ಸುದ್ದಿ ಐತಲೇ ದುರುಗಿ. ಕರಣಮರ ಎಮ್ಮಿ ಕಳದೈತಿ."

"ಅದು ಹೋದ ವಾರಾನೂ ಕಳದಿತ್ತು."

"ಆವಾಗ ಅದಾ ಹೋಗಿತ್ತು. ಈ ಸಲ ಯಾರೋ ಹೊಡಕೊಂಡು ಹೋಗ್ಯಾರ ಅಂತ ಕರಣಮರು ಹೇಳ್ತಾರ. ಎಮ್ಮಿ ಏನ್ ಹೇಳತೈತೋ, ಅದನ್ನ ಕೇಳಿದಾವರಿಲ್ಲ."

ಹೀಗೆ ಎರಡೂ ಕಡೆಯ ಮಾತಿಗೆ ಜಾಗ ಬಿಟ್ಟು ಮಾತಾಡುವವನೇ ಕುರುಗೋಡಿನ ಡಂಗುರದವನು. ವಯಸ್ಸು ಐವತ್ತರ ಆಸುಪಾಸು. ಮೈಯಲ್ಲಿ ಇರುವುದೆಲ್ಲ ಎಲುಬು, ಅದರ ಮೇಲೊಂದು ಗಂಟಲು, ಅಷ್ಟೇ. ಆದರೆ ಎಂಥ ಗಂಟಲು ಅಂತೀರಿ! ಕಂದಾಯದ ಗಡುವು, ಸಿಡುಬಿನ ಚುಚ್ಚುಮದ್ದು, ಕಂಟ್ರೋಲ್ ಸಕ್ಕರೆ, ತಪ್ಪಿಸಿಕೊಂಡ ಕರು, ಶನಿವಾರದ ಬಯಲಾಟ, ಊರಿಗೆ ಏನು ತಿಳಿಯಬೇಕಾದರೂ ಅದು ಈ ಗಂಟಲನ್ನು ದಾಟಿಯೇ ಬರಬೇಕು. ಮೊನ್ನೆ ಅಕ್ಟೋಬರಿನಲ್ಲಿ ಬಳ್ಳಾರಿ ಜಿಲ್ಲೆ ಮದರಾಸು ಬಿಟ್ಟು ಮೈಸೂರು ಸೇರಿದ್ದನ್ನೂ ಊರಿಗೆ ತಿಳಿಸಿದವನು ಇವನೇ.

ಅವನ ಸುತ್ತು ಶುರುವಾಗುವುದು ಅಂಗಡಿ ಬೀದಿಯಿಂದ. ಅಲ್ಲಿಂದ ನೇಕಾರರ ಓಣಿ, ಆಮೇಲೆ ಗೌಡರ ಓಣಿ, ಕೊನೆಗೆ ತನ್ನ ಕೇರಿ. ಗೌಡರ ಓಣಿಯಲ್ಲಿ ಮೂಲೆಯ ಬೇವಿನ ಮರದ ಕೆಳಗೇ ನಿಂತು ಸಾರಬೇಕು. ಅದರಾಚೆ ಅವನ ದನಿ ಹೋಗಬಹುದು, ಅವನು ಹೋಗುವ ಹಾಗಿಲ್ಲ. ದನಿಗೆ ಮೈಲಿಗೆಯಿಲ್ಲ ಎಂದು ಕಂಡುಹಿಡಿದ ಮಹಾನುಭಾವರು ಯಾರೋ, ಅವರಿಗೊಂದು ದೊಡ್ಡ ನಮಸ್ಕಾರ ಹಾಕಬೇಕು.

ಹಲಗೆ ಅವನ ಅಪ್ಪ ಸುಂಕಪ್ಪನಿಂದ ಬಂದದ್ದು. ಸುಂಕಪ್ಪ ಮಹಾ ಪ್ರಾಮಾಣಿಕ. ಊರ ಲೆಕ್ಕಪತ್ರ ನೋಡುವ ಕರಣಮರು ಚೀಟಿ ಓದಿ ಹೇಳಿದ್ದನ್ನು ಒಂದಕ್ಷರ ಬಿಡದೆ, ಅದೇ ಕ್ರಮದಲ್ಲಿ ಸಾರುತ್ತಿದ್ದ. "ಬಳ್ಳಾರಿ ಜಿಲ್ಲಾ ಕಲೆಕ್ಟರ್ ಸಾಹೇಬರ ಹುಕುಂ ಪ್ರಕಾರ" ಎಂದು ಶುರುಮಾಡಿ, ಅವರ ಕೈಕೆಳಗಿನವರು, ಅವರ ಕೈಕೆಳಗಿನವರು ಎಂದು ಇಳಿಯುತ್ತಾ ವಿಷಯಕ್ಕೆ ಬರುವ ಹೊತ್ತಿಗೆ ಓಣಿಯ ಬಾಗಿಲುಗಳೆಲ್ಲ ಮುಚ್ಚಿರುತ್ತಿದ್ದವು. ಯುದ್ಧದ ವರ್ಷಗಳಲ್ಲಿ ಒಮ್ಮೆ ಕಾಲರಾ ಬಂದು ಊರ ಬಾವಿಗೆ ಔಷಧಿ ಹಾಕಿದರು. ಒಂದು ದಿನ ನೀರು ಸೇದಬೇಡಿ ಎಂಬ ಮಾತು ಹುಕುಮಿನ ತೀರಾ ಕೊನೆಯಲ್ಲಿತ್ತು. ಮಾರನೆಯ ಬೆಳಗ್ಗೆ ಕೊಡದಲ್ಲಿ ಕೆಂಪು ನೀರು ಕಂಡ ಹೆಂಗಸರು ದೇವಿ ಬಂದಳೆಂದು ಬಾವಿಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದರು, ತೀರ್ಥವೆಂದು ಮನೆಮಂದಿಗೆಲ್ಲ ಕುಡಿಸಿದರು. ಮೂರು ದಿನ ಊರೇ ಹೊಟ್ಟೆ ಹಿಡಿದುಕೊಂಡು ಓಡಾಡಿತು.

"ನಮ್ಮಪ್ಪ ಎಲ್ಲಾ ಹೇಳಿದ್ದ. ಒಬ್ರೂ ಕೇಳಿದ್ದಿಲ್ಲ," ಎನ್ನುತ್ತಾನೆ ಉಚ್ಚೆಂಗೆಪ್ಪ. "ಅವತ್ತಾ ತಿಳಕೊಂಡೆ ನೋಡ್ರಿ. ಬಾಗಲಾ ಮುಚ್ಚೂದ್ರಾಗ ಅವರಿಗೆ ಬೇಕಾದ್ದು ಹೇಳಿಬಿಡಬೇಕು. ಉಳದದ್ದು ಆಮ್ಯಾಲ."

ಆಮೇಲೆ ಎಂದರೆ ಕೆಲವು ಸಲ ಯಾವತ್ತೂ ಇಲ್ಲ ಎಂದೇ ಅರ್ಥ. ಯುದ್ಧ ಮುಗಿದ ದಿನ ಅವನು ಅಂಗಡಿ ಬೀದಿಯಲ್ಲಿ ಸಾರಿದ್ದು, "ಸೀಮಿಎಣ್ಣಿ ಸಿಗತೈತಿ ಇನ್ನ! ಯುದ್ಧ ಮುಗೀತು!" ಕೇರಿಗೆ ಬಂದಾಗ, "ದಂಡಿಗೆ ಹೋದ ಮಕ್ಕಳು ತಿರುಗಿ ಬರ್ತಾರ!" ಎಂದ. ಗೆದ್ದವರು ಯಾರು, ಸೋತವರು ಯಾರು ಎಂದು ಎರಡೂ ಕಡೆ ಹೇಳಲಿಲ್ಲ, ಎರಡೂ ಕಡೆ ಯಾರೂ ಕೇಳಲೂ ಇಲ್ಲ. ಇದರಲ್ಲಿ ಸುಳ್ಳೇನಿದೆ? ಏನೂ ಇಲ್ಲ. ಹೀಗೆಯೇ ಸುಖವಾಗಿ ನಡೆದುಕೊಂಡು ಹೋಗುತ್ತಿತ್ತು, ಹಂಪಯ್ಯ ಮಾಸ್ತರರಿಗೆ ಊರ ಚರಿತ್ರೆ ಬರೆಯುವ ಹುಚ್ಚು ಹಿಡಿಯುವ ತನಕ.

ಹಂಪಯ್ಯ ಮಾಸ್ತರರು ಊರ ಶಾಲೆಯ ಹೆಡ್‌ಮಾಸ್ತರರು. ಸಿರುಗುಪ್ಪದ ಶಾಲೆಯಿಂದ ಎರಡು ವರ್ಷದ ಹಿಂದೆ ವರ್ಗವಾಗಿ ಬಂದವರು, ಗೌಡರ ಓಣಿಯಲ್ಲಿ ಬಾಡಿಗೆಗೆ ಇದ್ದಾರೆ. ಒಳ್ಳೆಯ ಮನುಷ್ಯ. ಜಿಲ್ಲೆ ಮೈಸೂರು ಸೇರಿದ ಹುಮ್ಮಸ್ಸಿನಲ್ಲಿ ಕುರುಗೋಡಿಗೂ ಒಂದು ಚರಿತ್ರೆ ಇರಬೇಕು, ಅದು ಬಳ್ಳಾರಿಯಲ್ಲಿ ಅಚ್ಚಾಗಬೇಕು ಎಂದು ಪಣ ತೊಟ್ಟರು. ರಾಜರ ಕಾಲದ್ದು ಸಲೀಸಾಗಿ ಮುಗಿಯಿತು, ರಾಜರು ಎದ್ದುಬಂದು ತಕರಾರು ತೆಗೆಯುವುದಿಲ್ಲವಲ್ಲ. ಕೈಕೊಟ್ಟದ್ದು ನಲವತ್ತೇಳನೆಯ ಇಸವಿ. ಊರಿಗೆ ಸ್ವಾತಂತ್ರ್ಯ ಹೇಗೆ ಬಂತು ಎಂದು ಮಾಸ್ತರರು ಓಣಿ ಓಣಿ ತಿರುಗಿ ಕೇಳಿದರು.

ಅಂಗಡಿ ಬೀದಿಯಲ್ಲಿ ಕಿರಾಣಿ ಎರ್ರಣ್ಣ ತಕ್ಕಡಿ ಕೆಳಗಿಟ್ಟು ಕಣ್ಣರಳಿಸಿದ. "ಅಯ್ಯೋ, ಎಂಥಾ ದಿನ ಸಾಮಿ ಅದು! ಕಚೇರಿ ಬಂದ್, ತನಿಖಿ ಬಂದ್ ಅಂತ ಹಲಗಿ ಹೊಡದ್ರು. ಗೋದಾಮು ಬಾಗಲಾ ತಗದು ಕಾಲು ಚಾಚಿ ಕುಂತಿದ್ವಿ. ಕೇಳೋ ನಾಥ ಒಬ್ಬ ಇಲ್ಲ. ಸ್ವರಾಜ್ಯಮಂಟೆ ಅದೇ, ಸ್ವರಾಜ್ಯ ಅಂದ್ರೆ ಹಂಗಿರಬೇಕು!"

ನೇಕಾರರ ಓಣಿಯ ಸಾವಂತ್ರಮ್ಮ ಮಗ್ಗದ ಗುಣಿಯಿಂದ ತಲೆ ಎತ್ತದೆಯೇ ಹೇಳಿದಳು. "ಬಾವುಟಕ್ಕ ಬಟ್ಟಿ ಬೇಕು ಅಂತ ಹಲಗಿ ಬಂತ್ರಿ ಇಲ್ಲಿಗೆ. ನಮ್ಮ ಮಾವ ಉಣ್ಣದಂಗ ಕುಂತು ನೇಯ್ದ. ನಾವು ನೇಯಲಿಲ್ಲ ಅಂದಿದ್ರ ಅವತ್ತು ಏನ್ ಏರಸ್ತಿದ್ರು, ಪಂಜಿಯೇನು? ಬರ್ಕೊಳ್ರಿ, ಸ್ವಾತಂತ್ರ್ಯ ಮೊದಲು ನಮ್ಮ ಓಣಿಗೆ ಬಂದಿದ್ದು."

ಗೌಡರ ಓಣಿಯಲ್ಲಿ ಊರ ಗೌಡರಾದ ಅಯ್ಯಣಗೌಡರು ಮೀಸೆಯ ತುದಿ ಸರಿಮಾಡಿಕೊಂಡರು. "ನಮ್ಮ ಹೆಸರು ಹಿಡದು ಸಾರಿದ್ರು ಮಾಸ್ತರ. ಗೌಡ್ರು ಬಂದು ಮುಂದ ನಿಂತಮ್ಯಾಲ ಬಾವುಟ ಅಂತ ಸರ್ಕಾರದ ಹುಕುಂ ಇತ್ತು. ಡೆಲ್ಲಿಯಾಗ ಹೆಂಗೋ ಗೊತ್ತಿಲ್ಲ, ಕುರುಗೋಡಿಗಂತೂ ನಾವೇ ತಂದಿದ್ದು."

ಮಾಸ್ತರರ ತಲೆ ಗಿರ್ರೆಂದಿತು. ಮೂವರನ್ನೂ ಕೂಡಿಸಿ ಕೇಳಿದರೆ ಮೂವರೂ ದೇವರ ಮೇಲೆ ಆಣೆ ಇಟ್ಟರು, ಮೂವರೂ "ಹಲಗಿ ಉಚ್ಚೆಂಗೆಪ್ಪ ಹೇಳಿದ್ದೇ ಹಂಗ" ಎಂದರು. ಉಳಿದ ಇಬ್ಬರು ಸುಳ್ಳರು ಎಂಬ ಒಂದು ಮಾತಿಗೆ ಮಾತ್ರ ಮೂವರ ಒಪ್ಪಿಗೆಯೂ ಇತ್ತು. ಮಾಸ್ತರರು ಸೀದಾ ಚಾವಡಿಗೆ ಬಂದು, ಅಲ್ಲಿ ಬಿಸಿಲಿಗೆ ಮೈ ಕಾಯಿಸುತ್ತಿದ್ದ ಉಚ್ಚೆಂಗೆಪ್ಪನನ್ನು ಹಿಡಿದರು.

"ಅಲ್ಲೋ ಮಾರಾಯ, ಸ್ವಾತಂತ್ರ್ಯ ಬಂದಿದ್ದು ಒಂದೇ. ನಮ್ಮೂರಿಗೆ ಮೂರು ತರ ಹೆಂಗ ಬಂತು?"

"ಚೀಟ್ಯಾಗ ಎಲ್ಲಾ ಇತ್ರಿ ಮಾಸ್ತರ. ಕಚೇರಿ ಬಂದ್ ಅಂತಾನೂ ಇತ್ತು, ಬಟ್ಟಿ ನೀವಾ ಹೊಂದಸ್ಕೋರಿ ಅಂತಾನೂ ಇತ್ತು, ಹಿರೇರು ಬರ್ರಿ ಅಂತಾನೂ ಇತ್ತು. ಯಾರಿಗೆ ಯಾವುದು ಬೇಕೋ ಅದನ್ನ ಮೊದಲು ಹೇಳೀನಿ. ತಪ್ಪಾತೇನ್ರಿ?"

ತಪ್ಪೋ ಸರಿಯೋ ಮಾಸ್ತರರಿಗೇ ತಿಳಿಯಲಿಲ್ಲ. ಗೌಡರಿಗೆ ಮಾತ್ರ ಚೆನ್ನಾಗಿ ತಿಳಿಯಿತು. ಅವರ ಬೀಗರು ಸಿರುಗುಪ್ಪದವರು, ಗದ್ದೆಯ ಸಿರಿವಂತರು. ಅವರೂರಿಗೆ ಮೈಕು ಬಂದು ಆರು ತಿಂಗಳಾಗಿತ್ತು. ಹೋದಾಗಲೆಲ್ಲ ಬೀಗರು, "ಸಿರುಗುಪ್ಪದಾಗ ಕೆಮ್ಮಿದ್ರ ದೇಶನೂರಿಗೆ ಕೇಳತೈತಿ" ಎಂದು ಹೊಗಳಿಕೊಂಡು ಗೌಡರ ಹೊಟ್ಟೆ ಉರಿಸುತ್ತಿದ್ದರು. ತಮ್ಮೂರಿಗೂ ಒಂದು ಮೈಕು ತರಲು ನೆಪ ಹುಡುಕುತ್ತಿದ್ದವರಿಗೆ ಈಗ ನೆಪ ಮಾಸ್ತರರ ಕೈಯಿಂದಲೇ ಸಿಕ್ಕಿತು. ಮಾರನೆಯ ದಿನವೇ ಚಾವಡಿಯಲ್ಲಿ ಸಭೆ ಕರೆದರು.

ಸಭೆಯಲ್ಲಿ ಉಚ್ಚೆಂಗೆಪ್ಪನ ಪರ ಒಬ್ಬನೂ ಬಾಯಿ ಬಿಡಲಿಲ್ಲ. ಪಕ್ಕದ ಓಣಿಗೆ ಬೇರೆ ಸುದ್ದಿ ಹೋಗಿದೆ ಎಂದು ಗೊತ್ತಾದ ಮೇಲೆ ಎಲ್ಲರಿಗೂ ತಮಗೇ ಮೋಸವಾದ ಸಿಟ್ಟು. ಗೌಡರು ಎಲ್ಲವನ್ನೂ ಬಿಡಿಸಿ ಹೇಳಿದರು. ಸೋಮವಾರ ಬಳ್ಳಾರಿಯಿಂದ ಮೈಕು ಬರುತ್ತದೆ. ಅದರ ಬ್ಯಾಟರಿ, ಯಂತ್ರ ಎಲ್ಲ ಗೌಡರ ಮನೆಯಲ್ಲಿ ಭದ್ರವಾಗಿರುತ್ತವೆ. ತುತ್ತೂರಿಯನ್ನು ಮೂಲೆಯ ಬೇವಿನ ಮರಕ್ಕೆ, ಗೌಡರ ಓಣಿಯ ಕಡೆ ಮುಖ ಮಾಡಿ ಕಟ್ಟುತ್ತಾರೆ. ಇಡೀ ಊರಿಗೆ ಒಂದೇ ಮಾತು, ಒಂದೇ ಸಲ. ಉಚ್ಚೆಂಗೆಪ್ಪನ ಹಲಗೆ ಇನ್ನು ಬೇಡ.

ಉಚ್ಚೆಂಗೆಪ್ಪನಿಗೆ ಸುಗ್ಗಿಯಲ್ಲಿ ಹಲಗೆಯ ಕೂಲಿಯೆಂದು ಕಣದಿಂದ ಬರುವ ಕಾಳಿನ ಚಿಂತೆ ಇದ್ದೇ ಇತ್ತು. ಅದಕ್ಕಿಂತ ದೊಡ್ಡದು ಇನ್ನೊಂದು. ಹಲಗೆ ಕೈಯಲ್ಲಿ ಇಲ್ಲದ ಉಚ್ಚೆಂಗೆಪ್ಪನ ಮಾತನ್ನು ಕುರುಗೋಡಿನಲ್ಲಿ ಯಾರು ನಿಂತು ಕೇಳುತ್ತಾರೆ? ಅವನು ಮೆಲ್ಲಗೆ ಒಂದು ಮಾತು ಕೇಳಿದ.

"ಧಣಿ, ಈ ತೀರ್ಮಾನ ಊರಿಗೆ ಸಾರಾವ ಯಾರ್ರಿ?"

ಗೌಡರ ಕೈ ಮೀಸೆಯ ಮೇಲೇ ನಿಂತಿತು. ಕುರುಗೋಡಿನ ಕಟ್ಟಳೆಯೇ ಹಾಗೆ: ಚಾವಡಿಯಲ್ಲಿ ಏನೇ ಮುಗಿದರೂ ಡಂಗುರ ಆಗುವ ತನಕ ಅದು ಜಾರಿಯಿಲ್ಲ. ಮೈಕು ಇನ್ನೂ ಬಳ್ಳಾರಿಯಲ್ಲಿತ್ತು. ಹಲಗೆ ಹೊಡೆಯುವ ಇನ್ನೊಬ್ಬ ಊರಲ್ಲಿರಲಿಲ್ಲ.

"ನೀನಾ ಸಾರಲೇ ಉಚ್ಚೆಂಗಾ," ಎಂದರು ಗೌಡರು, ಕೊಂಚ ಮುಜುಗರದಿಂದ. "ಆದ್ರ ಇಲ್ಲದ್ದು ಸೇರಿಸಿದಿ ಅಂದ್ರ ನೋಡು."

"ಮಾಸ್ತರು ನನ್ನ ಕೂಡ ಬರಲ್ರಿ ಧಣಿ. ಒಂದು ಸುಳ್ಳು ಬಂದ್ರ ಅಲ್ಲೇ ಹಲಗಿ ಕಸಗೊಳ್ಳಲಿ."

ಹೀಗೆ ಮರುದಿನ ಬೆಳಗ್ಗೆ ಕುರುಗೋಡು ಹಿಂದೆಂದೂ ಕಾಣದ ಮೆರವಣಿಗೆ ಹೊರಟಿತು. ಮುಂದೆ ತನ್ನ ಕೆಲಸ ತಾನೇ ತೆಗೆಯಲು ಹೊರಟ ಉಚ್ಚೆಂಗೆಪ್ಪ, ಹಿಂದೆ ಕೊಡೆ ಹಿಡಿದ ಚರಿತ್ರೆಕಾರರು. ಅಂಗಡಿ ಬೀದಿಯಲ್ಲಿ ಹಲಗೆ ಗುಡುಗಿತು.

"ಕೇಳ್ರಪ್ಪೋ ಕೇಳ್ರಿ! ಇನ್ನಮ್ಯಾಲ ಕಂಟ್ರೋಲ್ ಸಕ್ಕರಿ ಬಂತಂದ್ರ ಇಡೀ ಊರಿಗೆ ಒಂದಾ ಸಲ ಕೇಳತೈತಿ! ಮೊದಲು ನಿಮಗ ಅಂತ ಇಲ್ಲ! ಸೋಮವಾರ ಮೈಕು ಬರತೈತಿ, ನಾ ಬರೂದಿಲ್ಲಪ್ಪೋ!"

ಎರ್ರಣ್ಣನ ಕೈಯಲ್ಲಿದ್ದ ಬೆಲ್ಲದ ಅಚ್ಚು ಕೆಳಗೆ ಬಿತ್ತು. "ಏಮಪ್ಪಾ ಉಚ್ಚೆಂಗಪ್ಪಾ, ಒಂದೇ ಸಲನಾ? ನಾವು ಗಲ್ಲಾ ಬಿಚ್ಚಿ ಚೀಲ ಸರಿಮಾಡೋ ಮೊದಲೇ ಜನ ಬಂದು ಮೈಮೇಲೆ ಬಿದ್ರೆ?" ಉಚ್ಚೆಂಗೆಪ್ಪ ಮಾಸ್ತರರ ಮುಖ ನೋಡಿದ. ಮಾಸ್ತರರು ಗಡ್ಡ ಕೆರೆದುಕೊಂಡರು. ಮಾತು ನಿಜವೇ ಆಗಿತ್ತು.

ನೇಕಾರರ ಓಣಿಯಲ್ಲಿ ಅವನು ಎಂದಿನಂತೆ ಮಗ್ಗಗಳ ಸಪ್ಪಳ ನಿಲ್ಲುವವರೆಗೂ ಕಾದ. ಕೊನೆಯ ಮಗ್ಗ ನಿಂತ ಮೇಲೆ ಶುರುಮಾಡಿದ. "ಮೈಕಿನ ಬಾಯಿ ಗೌಡ್ರ ಓಣಿ ಕಡಿ ಕಟ್ತಾರಪ್ಪೋ! ಬೆನ್ನು ನಿಮ್ಮ ಕಡಿ!"

"ಮಗ್ಗ ನಿಲ್ಲೋ ತನಕ ಅದು ಕಾಯತೈತೇನೋ?" ಎಂದು ಸಾವಂತ್ರಮ್ಮ ಕೇಳಿದಳು.

"ಅದಕ್ಕ ಕಿವಿ ಇಲ್ಲಬೇ. ಬಾಯಿ ಅಷ್ಟಾ."

ಗೌಡರ ಓಣಿಗೆ ಬಂದಾಗ ಮಾಸ್ತರರಿಗೆ ಸ್ವಲ್ಪ ಧೈರ್ಯ ಬಂತು. ಮೈಕು ಈ ಓಣಿಯದ್ದೇ ಅಲ್ಲವೇ, ಇಲ್ಲೇನು ತಕರಾರು ಏಳುತ್ತದೆ ಎಂದುಕೊಂಡರು. ಉಚ್ಚೆಂಗೆಪ್ಪ ಬೇವಿನ ಮರದ ಕೆಳಗೆ ನಿಂತು ಉಸಿರು ತುಂಬಿಕೊಂಡ.

"ಕೇಳ್ರವ್ವೋ ಕೇಳ್ರಿ! ಸಿರುಗುಪ್ಪದಾಗ ಕೆಮ್ಮಿದ್ರ ದೇಶನೂರಿಗೆ ಕೇಳತೈತಲ್ಲ, ಅಂಥಾ ಮೈಕು! ಇದಾ ಮರಕ್ಕ ಕಟ್ತಾರ! ನಸುಕಿನ್ಯಾಗಿಂದ ನಿಮ್ಮ ಬಾಗಲಕ್ಕಾ ಬಾಯಿ ಹಚ್ಚತೈತಿ!"

ಆ ಮರಕ್ಕೆ ಅಂಟಿದ ಮೊದಲ ಮನೆ ಅಯ್ಯಣಗೌಡರದೇ. ಪಡಸಾಲೆಯಲ್ಲಿ ಮಲಗುವವರು ಅವರ ತಾಯಿ ದೊಡ್ಡಬಸಮ್ಮ. ಬೆಳಗಿನ ಜಾವದಲ್ಲಿ ಮಾತ್ರ ಒಂದಿಷ್ಟು ನಿದ್ದೆ ಹತ್ತುವ ಮುದುಕಿ, ಊರ ಗೌಡರಿಗೇ ಗೌಡಿಕೆ ನಡೆಸುವವರು. ಕೋಲೂರಿಕೊಂಡು ಕಟ್ಟೆಗೆ ಬಂದರು.

"ಯಾವನಲೇ ಅವನು, ನನ್ನ ಕಿವ್ಯಾಗ ಕೆಮ್ಮಾವ?"

"ನಿಮ್ಮ ಮಗನ ಹುಕುಂರೀ ಯವ್ವಾ," ಎಂದು ಉಚ್ಚೆಂಗೆಪ್ಪ ಬಾಗಿ ಕೈಮುಗಿದ. ಒಳಗಿನಿಂದ ಗೌಡರು "ಅವ್ವಾ, ಅದು ಹಂಗಲ್ಲ..." ಎನ್ನುವುದು ಕೇಳಿಸಿತು. ಮುಂದಿನದು ಬಾಗಿಲ ಹಿಂದೆ ನಡೆಯಿತು. ಕೋಲಿನ ಸಪ್ಪಳವಂತೂ ಬೀದಿಗೆಲ್ಲ ಕೇಳಿಸಿತು ಎನ್ನುತ್ತಾರೆ.

ಕೇರಿಯ ಬಾಯಲ್ಲಿ ಮಾಸ್ತರರ ಕಾಲು ತಡವರಿಸಿತು. ಈ ಎರಡು ವರ್ಷದಲ್ಲಿ ಅವರು ಒಮ್ಮೆಯೂ ಇತ್ತ ಕಾಲಿಟ್ಟವರಲ್ಲ. ಉಚ್ಚೆಂಗೆಪ್ಪ ತಿರುಗಿ ನೋಡಿ, "ಸಾಕ್ಷಿ ಅಂತ ಬಂದೀರಿ," ಎಂದ. ಮಾಸ್ತರರು ಕೊಡೆ ಮಡಚಿ ಒಳಗೆ ನಡೆದರು. ಇಲ್ಲಿ ಉಚ್ಚೆಂಗೆಪ್ಪ ಹಲಗೆ ಜೋರಾಗಿ ಹೊಡೆಯಲಿಲ್ಲ, ಕೂಗಲೂ ಇಲ್ಲ.

"ಸೋಮವಾರದಿಂದ ನನ್ನ ಹಲಗಿ ಇಲ್ರಪಾ. ನಿಮ್ಮ ಆಡು ಕಳದ್ರ, ಕೂಸು ಕಾಣದಿದ್ರ, ಗೌಡ್ರ ಮನಿಗೆ ಹೋಗಿ ಮೈಕಿನ್ಯಾಗ ಹೇಳ್ರಿ ಅಂತ ಕೇಳಬೇಕು."

ಗೌಡರ ಮನೆ ಇರುವುದು ಬೇವಿನ ಮರದ ಆಚೆ. ಒಂದು ಕೂಸು ಕಳೆದುಹೋದರೆ ತಾಯಿ ಯಾವ ಬಾಗಿಲಿಗೆ ಹೋಗಿ ನಿಲ್ಲಬೇಕು ಎಂದು ಮಾಸ್ತರರು ಮೊದಲ ಸಲ ಯೋಚಿಸಿದರು. ಅವರಿಗೆ ನಾಚಿಕೆಯಾಯಿತು.

ಸಂಜೆಗೆ ಚಾವಡಿ ಮುಂದೆ ಊರೇ ನೆರೆದಿತ್ತು. ಸಕ್ಕರೆಗಾಗಿ ಒಬ್ಬರು, ಮಗ್ಗಕ್ಕಾಗಿ ಒಬ್ಬರು, ಕೂಸಿಗಾಗಿ ಮತ್ತೊಬ್ಬರು ಬಾಯಿ ಮಾಡುತ್ತಿದ್ದರು. ಒಬ್ಬರ ಕಾರಣ ಇನ್ನೊಬ್ಬರಿಗೆ ಬೇಕಾಗಿರಲಿಲ್ಲ. ಆದರೆ ಮೈಕು ಬೇಡ ಎಂಬುದು ಎಲ್ಲರಿಗೂ ಬೇಕಾಗಿತ್ತು. ಮುಖ ಸಪ್ಪಗೆ ಮಾಡಿಕೊಂಡು ಬಂದ ಗೌಡರು ತಮ್ಮ ಕಾರಣ ಹೇಳಲಿಲ್ಲ. "ಬರೂ ವರ್ಷ ನೋಡೋಣು ಬಿಡ್ರಿ" ಎಂದಷ್ಟೇ ಹೇಳಿ, ಉಚ್ಚೆಂಗೆಪ್ಪನ ಕಡೆ ತಿರುಗಿದರು. ಕೈ ಮುಗಿಯುವುದೊಂದೇ ಬಾಕಿ. "ಇದನ್ನೂ ಸಾರಬೇಕಲ್ಲ. ಈ ಸಲನಾದ್ರೂ ಎಲ್ಲಾ ಕಡಿ ಒಂದಾ ತರ ಹೇಳೋ ಯಪ್ಪಾ."

"ಆತ್ರಿ ಧಣಿ," ಎಂದ ಉಚ್ಚೆಂಗೆಪ್ಪ. ಎಲ್ಲ ಕಡೆ ಒಂದೇ ತರ ಸಾರಿದನೋ ಇಲ್ಲವೋ, ಅದಕ್ಕೂ ಓಣಿಗೊಂದು ಬೇರೆ ಸಾಕ್ಷಿ ಇದೆ.

ಕಳೆದ ಭಾನುವಾರ ಮಾಸ್ತರರು ಬರೆದದ್ದನ್ನೆಲ್ಲ ಕಂಕುಳಲ್ಲಿ ಇಟ್ಟುಕೊಂಡು ಕೇರಿಗೆ ಬಂದರು. ಈ ಸಲ ಯಾರೂ ಕರೆದಿರಲಿಲ್ಲ, ತಾವಾಗಿಯೇ ಬಂದರು. ದುರುಗಮ್ಮ ಅಂಗಳ ಗುಡಿಸಿ, ಕೂಡಲು ಒಂದು ಚೀಲ ಹಾಸಿದಳು. ಮಾಸ್ತರರು ಓದಿದರು. "ಧ್ವನಿವರ್ಧಕದ ವಿಷಯವಾಗಿ ಊರಿನ ಸಮಸ್ತರೂ ಗೌಡರ ಮುಂದಾಳತ್ವದಲ್ಲಿ ಒಮ್ಮತದಿಂದ..." ಅಷ್ಟು ಕೇಳುವುದರೊಳಗೆ ಉಚ್ಚೆಂಗೆಪ್ಪ ನಕ್ಕು ನಕ್ಕು ಕೆಮ್ಮು ಹತ್ತಿ ನೀರು ಕುಡಿಯಬೇಕಾಯಿತು.

"ನಗಬೇಡೋ. ಸ್ವಾತಂತ್ರ್ಯದ ವಿಷಯ ಕೇಳು. ಯಾರಿಗೂ ಅನ್ಯಾಯ ಆಗಬಾರದು ಅಂತ ಮೂರೂ ಓಣಿಯ ಮಾತು ಹಾಗೇ ಹಾಕೀನಿ."

"ಮೂರಾ?" ದುರುಗಮ್ಮ ಕಸಬರಿಗೆ ಹಿಡಿದೇ ಕೇಳಿದಳು. "ನಮ್ದು?"

ಮಾಸ್ತರರು ಹಾಳೆ ತಿರುವಿದರು. ಅಲ್ಲಿರಲಿಲ್ಲ. ಕೇಳಿದ್ದರೆ ತಾನೇ ಇರಲು.

"ಅವತ್ತು ಸಾಲ್ಯಾಗ ಮಕ್ಕಳಿಗೆ ಸಕ್ಕರಿ ಹಂಚ್ತಾರ, ಕಳಸ್ರಿ ಅಂತ ಇವನು ಇಲ್ಲಿ ಸಾರಿದ. ಕೇರಿ ಹುಡುಗ್ರೆಲ್ಲಾ ಜಳಕ ಮಾಡಿ ಓಡಿದ್ವು. ನಮ್ಮ ಹುಡುಗಿ ಸಾಲಿ ಕಟ್ಟಿ ಹತ್ತಿ, ಎಲ್ಲಾರ ನಡುವ ಕುಂತು ಸಕ್ಕರಿ ತಿಂದ್ಳು. ಅಲ್ಲೀತನ ನಮ್ಮಾವರು ಆ ಕಟ್ಟಿ ಕೆಳಗಾ ನಿಂದ್ರತಿದ್ರು."

ಮಾಸ್ತರರು ಉಚ್ಚೆಂಗೆಪ್ಪನ ಕಡೆ ನೋಡಿದರು. "ಎಲ್ಲಾ ಮಕ್ಕಳಿಗೂ ಅಂತ ಚೀಟ್ಯಾಗ ಬರದಿತ್ತೇನು?"

"ಮಕ್ಕಳಿಗೆ ಅಂತಿತ್ರಿ. ಇಂಥಾವರಿಗೆ ಬ್ಯಾಡ ಅಂತ ಇದ್ದಿಲ್ಲ. ನಾ ಇದ್ದಷ್ಟಾ ಹೇಳಿದೆ."

ಮಾಸ್ತರರು ಹಾಳೆಗಳನ್ನು ಒಂದುಗೂಡಿಸಿ ತೊಡೆಯ ಮೇಲೆ ಸರಿಮಾಡಿಕೊಂಡರು. ಆಮೇಲೆ, ನಾಳೆಯೇ ಬಳ್ಳಾರಿಗೆ ಅಚ್ಚಿಗೆ ಕೊಡಬೇಕು, ಅಕ್ಷರ ಎಣಿಸಿ ಹಾಳೆ ತುಂಬಿಸಿಯಾಗಿದೆ, ಇನ್ನು ಜಾಗವಿಲ್ಲ ಎಂದು ಏನೇನೋ ಹೇಳಿದರು. ನಿನ್ನ ಹೆಸರು ಬೇಕಾದರೆ ಎಲ್ಲಾದರೂ ಒಂದು ಕಡೆ ತೂರಿಸುತ್ತೇನೆ ಎಂದೂ ಹೇಳಿದರು. ಉಚ್ಚೆಂಗೆಪ್ಪ ಹಲಗೆಯನ್ನು ತೊಡೆಯ ಮೇಲೆ ಎಳೆದುಕೊಂಡು ಅಂಗೈಯಿಂದ ಒರೆಸಿದ.

"ನನ್ನ ಹೆಸರು ಬ್ಯಾಡ್ರಿ ಮಾಸ್ತರ. ಆದ್ರ ನಿಮ್ಮ ಪುಸ್ತಕ ಬಂತು ಅಂತ ಊರಿಗೆ ಸಾರಾವ ನಾನಾ ಅಲ್ರಿ? ಈ ಕೇರ್ಯಾಗ ನಿಂತು, ನಮ್ಮ ಹುಡುಗ್ರು ಸಾಲಿ ಕಟ್ಟಿ ಹತ್ತಿದ್ದು ಇದರಾಗ ಬರದೈತಿ ಅಂತ ಸಾರ್ತೀನಿ. ನಾ ಇಲ್ಲೀತನ ಒಂದು ಸುಳ್ಳು ಸಾರಿದಾವಲ್ಲ. ಇದೊಂದು ಸುಳ್ಳಾಗದಂಗ ನೀವು ನೋಡ್ಕೋರಿ."